ಹಾಸನ ಜಿಲ್ಲೆಯಲ್ಲಿ ನಕಲಿ ರಸ್ತೆ ಅಪಘಾತ ಮತ್ತು ವಿಮಾ ವಂಚನೆ

ನಕಲಿ ರಸ್ತೆ ಅಪಘಾತ ವಿಮಾ ವಂಚನೆ ಎಂದರೆ ವಿಮಾ ಹಣವನ್ನು ಪಡೆಯುವ ಉದ್ದೇಶದಿಂದ ಅಪಘಾತವನ್ನು ಬೇಕೆಂದೇ ಉಂಟುಮಾಡುವುದು, ನಡೆಯದ ಅಪಘಾತವನ್ನು ದಾಖಲೆಗಳಲ್ಲಿ ಸೃಷ್ಟಿಸುವುದು ಅಥವಾ ನಡೆದ ಅಪಘಾತದ ಸಂಗತಿಗಳನ್ನು ತಿರುಚುವುದು. ಭಾರತದಲ್ಲಿ ಇದು ಮೋಟಾರು ವಾಹನ ಕಾಯ್ದೆ, 1988ರ ಅಡಿಯಲ್ಲಿ ಸಲ್ಲಿಕೆಯಾಗುವ ಪರಿಹಾರ ಅರ್ಜಿಗಳಲ್ಲಿ ಹಾಗೂ ಜೀವ ವಿಮೆ ಮತ್ತು ವೈಯಕ್ತಿಕ ಅಪಘಾತ ವಿಮೆಯ ಕ್ಲೇಮುಗಳಲ್ಲಿ ಕಂಡುಬರುತ್ತದೆ. ಕರ್ನಾಟಕದ ಹಾಸನ ಜಿಲ್ಲೆಯಲ್ಲಿ 2024ರ ಆಗಸ್ಟ್ ತಿಂಗಳಲ್ಲಿ ಬೆಳಕಿಗೆ ಬಂದ ಗಂಡಸಿ ಪ್ರಕರಣವು ಈ ವಿಷಯವನ್ನು ರಾಜ್ಯದಾದ್ಯಂತ ಚರ್ಚೆಗೆ ತಂದಿತು. ಇದೇ ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡು ರಸ್ತೆಗಳು ಇನ್ನೊಂದು ಪ್ರಶ್ನೆಯನ್ನು ಮುಂದಿಡುತ್ತವೆ. ವಂಚನೆಯ ಕುರುಹುಗಳೆಂದು ಸಾಮಾನ್ಯವಾಗಿ ಪರಿಗಣಿಸಲಾಗುವ ಅನೇಕ ಸಂಗತಿಗಳು ಅಲ್ಲಿನ ನೈಜ ಅಪಘಾತಗಳಲ್ಲಿಯೂ ಸಹಜವಾಗಿ ಇರಬಲ್ಲವು.

ಸ್ವರೂಪ ಮತ್ತು ವಿಧಗಳು

ಈ ವಂಚನೆಯನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

• ಯೋಜಿತ ಡಿಕ್ಕಿ: ಮುಂದೆ ಸಾಗುವ ವಾಹನವು ಕಾರಣವಿಲ್ಲದೆ ಹಠಾತ್ತನೆ ಬ್ರೇಕ್ ಹಾಕಿ ಹಿಂದಿನ ವಾಹನ ಡಿಕ್ಕಿ ಹೊಡೆಯುವಂತೆ ಮಾಡುವುದು, ಅಥವಾ ನಿಧಾನವಾಗಿ ಚಲಿಸುವ ಕಾರಿನ ಎದುರು ವ್ಯಕ್ತಿಯೊಬ್ಬ ಬೇಕೆಂದೇ ಬೀಳುವುದು.
• ವಾಹನ ಅಥವಾ ಚಾಲಕನ ಬದಲಾವಣೆ: ಅಪಘಾತ ನಿಜವಾಗಿ ನಡೆದಿದ್ದರೂ, ಅದಕ್ಕೆ ಕಾರಣವಾದ ವಾಹನದ ಬದಲು ವಿಮೆಯುಳ್ಳ ಬೇರೊಂದು ವಾಹನವನ್ನು, ಅಥವಾ ಪರವಾನಗಿಯಿಲ್ಲದ ಚಾಲಕನ ಬದಲು ಪರವಾನಗಿಯುಳ್ಳವನನ್ನು ದಾಖಲೆಗಳಲ್ಲಿ ತೋರಿಸುವುದು.
• ಕಾರಣದ ಬದಲಾವಣೆ: ಮರದಿಂದ ಬಿದ್ದ, ಜಾರಿ ಬಿದ್ದ ಅಥವಾ ತಾನೇ ಬೈಕಿನಿಂದ ಉರುಳಿದ ಗಾಯವನ್ನು ಮತ್ತೊಂದು ವಾಹನದ ಡಿಕ್ಕಿಯಿಂದ ಆದುದೆಂದು ಹೇಳುವುದು.
• ಸಾವಿನ ನಾಟಕ: ವಿಮೆ ಮಾಡಿಸಿದ ವ್ಯಕ್ತಿಯು ಅಪಘಾತದಲ್ಲಿ ಸತ್ತಂತೆ ಬಿಂಬಿಸುವುದು. ಇಂತಹ ಸಂಚುಗಳು ಅಮಾಯಕನೊಬ್ಬನ ಕೊಲೆಯಲ್ಲಿ ಕೊನೆಗೊಂಡ ಉದಾಹರಣೆಗಳಿವೆ.

ಯೋಜಿತ ಡಿಕ್ಕಿಯು ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚು ಚರ್ಚಿತವಾದ ವಿಧ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಭಾರಿ ಟ್ರಕ್ಕುಗಳಿಗೆ ಬೇಕೆಂದೇ ಕಾರುಗಳನ್ನು ಡಿಕ್ಕಿ ಹೊಡೆಸುತ್ತಿದ್ದ ಜಾಲವೊಂದರ ಪ್ರಕರಣದಲ್ಲಿ ವಕೀಲರೂ ಆರೋಪಿಗಳಾದರು. ತನಿಖೆಗೆ ಸಹಕರಿಸುತ್ತಿದ್ದ ಸಾಕ್ಷಿಯೊಬ್ಬನನ್ನು 2020ರಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಇಂಗ್ಲೆಂಡಿನಲ್ಲಿ 2011ರಲ್ಲಿ ಇಂತಹ ಡಿಕ್ಕಿಯ ಪರಿಣಾಮವಾಗಿ, ಸಂಚಿಗೆ ಸಂಬಂಧವೇ ಇಲ್ಲದ ಕಾರಿನಲ್ಲಿದ್ದ ಮಹಿಳೆಯೊಬ್ಬರು ಮೃತಪಟ್ಟರು. ಭಾರತದ ನ್ಯಾಯಾಲಯಗಳ ಮುಂದೆ ಬಂದಿರುವ ಪ್ರಕರಣಗಳಲ್ಲಿ ರಸ್ತೆಯ ಮೇಲಿನ ನಾಟಕಕ್ಕಿಂತ ಕಾಗದದ ಮೇಲಿನ ನಾಟಕ, ಅಂದರೆ ಎರಡನೆಯ ಮತ್ತು ಮೂರನೆಯ ವಿಧಗಳು, ಪ್ರಮುಖವಾಗಿವೆ.

ಕಾನೂನಿನ ಹಿನ್ನೆಲೆ ಮತ್ತು ಪ್ರೇರಣೆ

ಮೋಟಾರು ವಾಹನ ಕಾಯ್ದೆಯ 146ನೇ ಕಲಮು ಸಾರ್ವಜನಿಕ ಸ್ಥಳದಲ್ಲಿ ಓಡಾಡುವ ಪ್ರತಿ ವಾಹನಕ್ಕೂ ಮೂರನೇ ವ್ಯಕ್ತಿ ವಿಮೆಯನ್ನು ಕಡ್ಡಾಯಗೊಳಿಸುತ್ತದೆ. ಅಪಘಾತದ ಸಂತ್ರಸ್ತರು 166ನೇ ಕಲಮಿನ ಅಡಿಯಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಸರಳಾ ವರ್ಮಾ (2009) ಮತ್ತು ಪ್ರಣಯ್ ಸೇಠಿ (2017) ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ರೂಪಿಸಿದ ಸೂತ್ರಗಳಂತೆ ಮೃತರ ವಯಸ್ಸು, ಆದಾಯ ಹಾಗೂ ಅವಲಂಬಿತರ ಸಂಖ್ಯೆಯನ್ನು ಆಧರಿಸಿ ಪರಿಹಾರ ನಿಗದಿಯಾಗುತ್ತದೆ. ದುಡಿಯುವ ವಯಸ್ಸಿನ ವ್ಯಕ್ತಿಯ ಸಾವಿನಲ್ಲಿ ಈ ಮೊತ್ತ ಹಲವು ಲಕ್ಷ ರೂಪಾಯಿಗಳಾಗುವುದು ಸಾಮಾನ್ಯ.

ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೆ ಚಿತ್ರ ಬದಲಾಗುತ್ತದೆ. 161ನೇ ಕಲಮಿನಂತೆ ಹಾಗೂ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಆಗ ದೊರೆಯುವುದು ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ ಮಾತ್ರ. ಬೈಕ್ ಸವಾರನು ತನ್ನದೇ ತಪ್ಪಿನಿಂದ ಬಿದ್ದಾಗ ಬೇರೊಬ್ಬರ ನಿರ್ಲಕ್ಷ್ಯ ಇರುವುದಿಲ್ಲವಾದ್ದರಿಂದ 166ನೇ ಕಲಮಿನ ಪರಿಹಾರವೂ ಇಲ್ಲ. ಆತ ವಾಹನದ ಮಾಲೀಕನಾಗಿದ್ದರೆ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯೊಂದೇ ಆಸರೆ. ಆ ವಿಮೆಯೂ ಸಾವು ಹಾಗೂ ನಿಗದಿತ ಶಾಶ್ವತ ಅಂಗವೈಕಲ್ಯಗಳಿಗೆ ಸೀಮಿತವಾಗಿದೆ.

ಪತ್ತೆಯಾದ ವಾಹನ ಮತ್ತು ಪತ್ತೆಯಾಗದ ವಾಹನಗಳ ನಡುವಿನ ಈ ಅಂತರವೇ ವಾಹನ ಬದಲಾವಣೆಯ ಮುಖ್ಯ ಪ್ರೇರಣೆ. ಆಸ್ಪತ್ರೆಯ ವೆಚ್ಚದಿಂದ ಕಂಗೆಟ್ಟ ಕುಟುಂಬಕ್ಕೆ ಮಧ್ಯವರ್ತಿಯೊಬ್ಬನು ವಿಮೆಯುಳ್ಳ ವಾಹನ, ಒಪ್ಪುವ ಚಾಲಕ ಮತ್ತು ಸಾಕ್ಷಿಯನ್ನು ಹೊಂದಿಸಿಕೊಡುವುದು ಇದರ ಸಾಮಾನ್ಯ ಮಾದರಿ. ದುಃಖ ನಿಜವಾದದ್ದು, ಗಾಯವೂ ನಿಜವಾದದ್ದು; ಸುಳ್ಳಾಗಿರುವುದು ವಾಹನದ ಸಂಖ್ಯೆ ಮಾತ್ರ. ಹೀಗಾಗಿ ಈ ಅಪರಾಧದಲ್ಲಿ ಸಂತ್ರಸ್ತ ಮತ್ತು ಆರೋಪಿ ಒಬ್ಬರೇ ಆಗಿರುವ ಸಂದರ್ಭಗಳೂ ಉಂಟು.

ಗಂಡಸಿ ಪ್ರಕರಣ (2024)

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಗಂಡಸಿ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿರುವ ಗೊಲ್ಲರಹೊಸಹಳ್ಳಿ ಗೇಟ್ ಬಳಿ 2024ರ ಆಗಸ್ಟ್ ತಿಂಗಳಲ್ಲಿ ಲಾರಿ ಹರಿದು ವ್ಯಕ್ತಿಯೊಬ್ಬ ಮೃತಪಟ್ಟನು. ರಸ್ತೆ ಬದಿಯಲ್ಲಿ ಕಾರಿನ ಚಕ್ರ ಬದಲಾಯಿಸುತ್ತಿದ್ದಾಗ ಅಪಘಾತ ನಡೆದಂತೆ ಸ್ಥಳದ ಸನ್ನಿವೇಶವಿತ್ತು. ಮೃತನು ತನ್ನ ಪತಿಯೆಂದು ಮಹಿಳೆಯೊಬ್ಬಳು ಗುರುತಿಸಿದಳು.

ಕೆಲವು ದಿನಗಳ ಬಳಿಕ, ಸತ್ತನೆಂದು ದಾಖಲಾಗಿದ್ದ ವ್ಯಾಪಾರಿಯು ಜೀವಂತವಾಗಿರುವುದು ಆತನ ಸಂಬಂಧಿಯಾಗಿದ್ದ ಪೊಲೀಸ್ ಅಧಿಕಾರಿಯೊಬ್ಬರಿಗೆ ತಿಳಿದು, ಅವರ ಮೂಲಕ ವಿಷಯ ಗಂಡಸಿ ಪೊಲೀಸರನ್ನು ತಲುಪಿತು. ಪೊಲೀಸರ ಆರೋಪದಂತೆ, ಸಾಲದಲ್ಲಿದ್ದ ವ್ಯಾಪಾರಿಯು ವಿಮಾ ಹಣಕ್ಕಾಗಿ ತನ್ನನ್ನು ಹೋಲುವ ಭಿಕ್ಷುಕನೊಬ್ಬನ ಸ್ನೇಹ ಬೆಳೆಸಿ, ಆತನನ್ನು ಕಾರಿನಲ್ಲಿ ಕರೆತಂದು, ಮೊದಲೇ ಗೊತ್ತುಮಾಡಿದ್ದ ಲಾರಿಯ ಚಕ್ರಕ್ಕೆ ಸಿಲುಕಿಸಿದ್ದನು. ವ್ಯಾಪಾರಿ ಮತ್ತು ಲಾರಿ ಚಾಲಕನನ್ನು ಬಂಧಿಸಲಾಯಿತು. ಶವವನ್ನು ಗುರುತಿಸಿದ್ದ ಪತ್ನಿಯೂ ಸಂಚಿನಲ್ಲಿ ಪಾಲ್ಗೊಂಡಿದ್ದಳೆಂದು ಪೊಲೀಸರು ಆರೋಪಿಸಿದರು.

ಈ ಪ್ರಕರಣವನ್ನು 1984ರ ಜನವರಿಯಲ್ಲಿ ಕೇರಳದ ಮಾವೇಲಿಕ್ಕರ ಸಮೀಪ ನಡೆದ ಸುಕುಮಾರ ಕುರುಪ್ ಪ್ರಕರಣದೊಂದಿಗೆ ಹೋಲಿಸಬಹುದು. ಅಲ್ಲಿ ಕೊಲ್ಲಿ ರಾಷ್ಟ್ರದಲ್ಲಿ ಉದ್ಯೋಗದಲ್ಲಿದ್ದ ಕುರುಪ್, ಜೀವ ವಿಮೆಯ ಹಣಕ್ಕಾಗಿ ಚಲನಚಿತ್ರ ಪ್ರತಿನಿಧಿಯೊಬ್ಬನನ್ನು ಸಹಚರರೊಂದಿಗೆ ಕೊಂದು ಕಾರಿನಲ್ಲಿ ಸುಟ್ಟು, ಸತ್ತವನು ತಾನೇ ಎಂದು ಬಿಂಬಿಸಿದ್ದನು. ಸಹಚರರಿಗೆ ಶಿಕ್ಷೆಯಾದರೂ ಕುರುಪ್ ತಲೆಮರೆಸಿಕೊಂಡನು.

ಎರಡೂ ಸಂಚುಗಳು ನಿಂತಿದ್ದುದು ಶವದ ಗುರುತಿನ ಮೇಲೆ. ಬೆರಳಚ್ಚು ಅಥವಾ ಡಿಎನ್‌ಎ ಪರೀಕ್ಷೆ ನಡೆಯದೆ, ಹತ್ತಿರದ ಬಂಧುವಿನ ಹೇಳಿಕೆಯೊಂದರಿಂದಲೇ ಗುರುತು ಖಚಿತವಾದರೆ ಮುಂದಿನ ಎಲ್ಲ ದಾಖಲೆಗಳೂ ಅದನ್ನೇ ಅನುಸರಿಸುತ್ತವೆ. ಆದರೆ ಎರಡರ ನಡುವೆ ಮುಖ್ಯ ವ್ಯತ್ಯಾಸವೊಂದಿದೆ. ಕೇರಳದ ಪ್ರಕರಣದಲ್ಲಿ ಮನೆಗೆ ಮರಳದ ವ್ಯಕ್ತಿಯನ್ನು ಹುಡುಕುವ ಕುಟುಂಬವಿತ್ತು. ಭಿಕ್ಷುಕನೊಬ್ಬ ಕಾಣೆಯಾದರೆ ದೂರು ಕೊಡುವವರೇ ಇಲ್ಲದಿರಬಹುದು. ಗಂಡಸಿಯಲ್ಲಿ ವಿಮಾ ಕಂಪನಿಯ ಹಣಕ್ಕಿಂತ ಮೊದಲು ನಷ್ಟವಾದದ್ದು ಆ ಅನಾಥ ವ್ಯಕ್ತಿಯ ಜೀವ, ಮತ್ತು ಸಾವಿನ ದಾಖಲೆಯಲ್ಲಿ ಆತನ ಸ್ವಂತ ಹೆಸರು.

ನ್ಯಾಯಾಲಯಗಳ ನಿಲುವು

ಕರ್ನಾಟಕ ಉಚ್ಚ ನ್ಯಾಯಾಲಯವು ವೀರಪ್ಪ ವಿರುದ್ಧ ಸಿದ್ದಪ್ಪ (2009) ಪ್ರಕರಣದಲ್ಲಿ, ವಾಹನ ಅಪಘಾತದಿಂದ ಉಂಟಾಗದ ಗಾಯಗಳಿಗೂ ಪರಿಹಾರ ಕೇಳುವ ಪ್ರವೃತ್ತಿ ಬೆಳೆಯುತ್ತಿರುವುದನ್ನು ಕಟುವಾಗಿ ಟೀಕಿಸಿತು. ರಾಜ್ಯದ ನ್ಯಾಯಮಂಡಳಿಗಳು ಸಂಶಯಾಸ್ಪದ ಅರ್ಜಿಗಳನ್ನು ಪರಿಶೀಲಿಸುವಾಗ ಈ ತೀರ್ಪನ್ನು ಪದೇ ಪದೇ ಉಲ್ಲೇಖಿಸುತ್ತವೆ.

ರಾಷ್ಟ್ರಮಟ್ಟದಲ್ಲಿ ಈ ವಿಷಯದ ಪ್ರಮುಖ ಪ್ರಕರಣವೆಂದರೆ ಸಫೀಕ್ ಅಹ್ಮದ್ ವಿರುದ್ಧ ಐಸಿಐಸಿಐ ಲೊಂಬಾರ್ಡ್. ಅಲಹಾಬಾದ್ ಉಚ್ಚ ನ್ಯಾಯಾಲಯದ 2015ರ ಅಕ್ಟೋಬರ್ 7ರ ಆದೇಶದಂತೆ ಉತ್ತರ ಪ್ರದೇಶದಲ್ಲಿ ವಿಶೇಷ ತನಿಖಾ ತಂಡ ರಚನೆಯಾಯಿತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಮಾಹಿತಿಯಂತೆ, ತಂಡಕ್ಕೆ ಬಂದಿದ್ದ 1,376 ಸಂಶಯಾಸ್ಪದ ಪ್ರಕರಣಗಳ ಪೈಕಿ 246ರ ವಿಚಾರಣೆ ಮುಗಿದಿತ್ತು ಮತ್ತು 166 ಮಂದಿಯ ವಿರುದ್ಧ ಮೇಲ್ನೋಟಕ್ಕೆ ಅಪರಾಧ ಕಂಡುಬಂದಿತ್ತು. ಅವರಲ್ಲಿ ಅರ್ಜಿದಾರರಲ್ಲದೆ ವಕೀಲರು, ಪೊಲೀಸ್ ಸಿಬ್ಬಂದಿ, ವೈದ್ಯರು, ವಿಮಾ ನೌಕರರು, ವಾಹನ ಮಾಲೀಕರು ಹಾಗೂ ಚಾಲಕರೂ ಇದ್ದರು. ತನಿಖೆಗೆ ವಹಿಸಿದ ಪ್ರಕರಣಗಳಲ್ಲಿ ವಿಚಾರಣೆ ಮುಗಿದದ್ದು ಐದನೆಯ ಒಂದು ಭಾಗಕ್ಕಿಂತ ಕಡಿಮೆ ಎಂಬುದು ಈ ಅಂಕಿಗಳಿಂದ ಸ್ಪಷ್ಟವಾಗುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಸರ್ವೋಚ್ಚ ನ್ಯಾಯಾಲಯ ಗಮನಿಸಿದೆ. ಬಿಮ್ಲಾ ದೇವಿ ಪ್ರಕರಣದಲ್ಲಿ (2009) ಅಪಘಾತ ಪರಿಹಾರದ ಅರ್ಜಿಗಳನ್ನು ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತವಾಗಿ ಸಾಬೀತುಪಡಿಸಬೇಕಿಲ್ಲ, ಸಂಭಾವ್ಯತೆಯ ತೂಕ ಸಾಕು ಎಂದು ಹೇಳಿತು. ರವಿ ವಿರುದ್ಧ ಬದ್ರಿನಾರಾಯಣ (2011) ಪ್ರಕರಣದಲ್ಲಿ, ದೂರು ದಾಖಲಿಸುವಲ್ಲಿನ ವಿಳಂಬವೊಂದನ್ನೇ ಆಧಾರವಾಗಿಸಿಕೊಂಡು ಅರ್ಜಿಯನ್ನು ತಿರಸ್ಕರಿಸಲಾಗದು, ಗಾಯಾಳುವಿನ ಕಡೆಯವರ ಮೊದಲ ಆದ್ಯತೆ ಚಿಕಿತ್ಸೆಯೇ ಆಗಿರುತ್ತದೆ ಎಂದು ತೀರ್ಪಿತ್ತಿತು. ವಂಚನೆಯನ್ನು ತಡೆಯುವುದು ಮತ್ತು ನೈಜ ಸಂತ್ರಸ್ತರನ್ನು ರಕ್ಷಿಸುವುದು, ಈ ಎರಡರ ನಡುವಿನ ಸಮತೋಲನವೇ ಈ ಕ್ಷೇತ್ರದ ಮೂಲ ಸಮಸ್ಯೆ.

ಸಕಲೇಶಪುರ ಮತ್ತು ಆಲೂರು ಪ್ರದೇಶದ ಸಂದರ್ಭ

ಬೆಂಗಳೂರು–ಮಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 75 ಹಾಸನದಿಂದ ಆಲೂರು ಮತ್ತು ಸಕಲೇಶಪುರ ತಾಲ್ಲೂಕುಗಳ ಮೂಲಕ ಹಾದು ಶಿರಾಡಿ ಘಾಟಿಯನ್ನು ಇಳಿಯುತ್ತದೆ. ಮಂಗಳೂರು ಬಂದರಿನತ್ತ ಸಾಗುವ ಭಾರಿ ಲಾರಿಗಳು, ಅನಿಲ ಟ್ಯಾಂಕರುಗಳು, ಬಸ್ಸುಗಳು ಮತ್ತು ಪ್ರವಾಸಿಗರ ಕಾರುಗಳು ಈ ದಾರಿಯನ್ನು ಹಂಚಿಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ದಟ್ಟ ಮಂಜು ಮತ್ತು ಎಡೆಬಿಡದ ಮಳೆ ಇರುತ್ತದೆ. ದೋಣಿಗಲ್ ಬಳಿ ಭೂಕುಸಿತದಿಂದ ಸಂಚಾರ ಹಲವು ಬಾರಿ ಸ್ಥಗಿತಗೊಂಡಿದೆ. ಹೆದ್ದಾರಿಯಿಂದ ಕವಲೊಡೆದು ಕಾಫಿ ತೋಟಗಳತ್ತ, ಹೆತ್ತೂರು, ಯಸಳೂರು, ಬಿಸಿಲೆಗಳತ್ತ ಸಾಗುವ ರಸ್ತೆಗಳು ಕಿರಿದಾಗಿದ್ದು, ಮನೆಗಳು ವಿರಳವಾಗಿವೆ.

ವಿಮಾ ತನಿಖಾಧಿಕಾರಿಗಳು ಸಂಶಯದ ಕುರುಹುಗಳೆಂದು ಪರಿಗಣಿಸುವ ಸಂಗತಿಗಳು ಈ ಹಿನ್ನೆಲೆಯಲ್ಲಿ ಬೇರೆಯೇ ಅರ್ಥ ಪಡೆಯುತ್ತವೆ.

ಸ್ವತಂತ್ರ ಸಾಕ್ಷಿಯಿಲ್ಲದಿರುವುದು ನಗರದಲ್ಲಿ ಸಂಶಯ ಹುಟ್ಟಿಸುತ್ತದೆ; ರಾತ್ರಿಯ ತೋಟದ ದಾರಿಯಲ್ಲಿ ಅದು ಸಹಜ. ದೂರಿನ ವಿಳಂಬವೂ ಹಾಗೆಯೇ. ಗಾಯಾಳುವನ್ನು ಮೊದಲು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ, ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಹಾಸನಕ್ಕೆ ಅಥವಾ ಘಾಟಿ ಇಳಿದು ಮಂಗಳೂರಿಗೆ ಸಾಗಿಸಿದ ಮೇಲೆ, ಜೊತೆಗಿದ್ದವರು ಠಾಣೆಗೆ ಮರಳಲು ದಿನಗಳು ಹಿಡಿಯಬಹುದು. ಅಪಘಾತದ ಸ್ಥಳ ಒಂದು ಜಿಲ್ಲೆಯಲ್ಲಿ, ಆಸ್ಪತ್ರೆ ಮತ್ತೊಂದು ಜಿಲ್ಲೆಯಲ್ಲಿ ಇದ್ದಾಗ ಮಾಹಿತಿ ಎರಡು ಠಾಣೆಗಳ ನಡುವೆ ಚಲಿಸಬೇಕಾಗುತ್ತದೆ. ಘಾಟಿಯ ಮಧ್ಯದಲ್ಲಿಯೇ ಹಾಸನ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಗಡಿ ಇರುವುದರಿಂದ ಠಾಣಾ ವ್ಯಾಪ್ತಿಯ ಗೊಂದಲವೂ ಉಂಟಾಗಬಹುದು. ರಸ್ತೆಯ ಮೇಲಿನ ಚಕ್ರದ ಗುರುತುಗಳನ್ನು ಮಳೆ ಕೆಲವೇ ನಿಮಿಷಗಳಲ್ಲಿ ಅಳಿಸುತ್ತದೆ. ಸಂಚಾರಕ್ಕೆ ಅಡ್ಡಿಯಾಗದಂತೆ ವಾಹನಗಳನ್ನು ಮಹಜರಿಗೆ ಮೊದಲೇ ತೆರವುಗೊಳಿಸಬೇಕಾದ ಅನಿವಾರ್ಯತೆಯೂ ಇರುತ್ತದೆ.

ಕಾರಣವನ್ನು ಬದಲಾಯಿಸುವ ಆಮಿಷಕ್ಕೂ ಈ ಪ್ರದೇಶದಲ್ಲಿ ಅವಕಾಶವಿದೆ. ಕಾಳುಮೆಣಸು ಕೊಯ್ಯುವಾಗ ಅಥವಾ ನೆರಳಿನ ಮರಗಳ ಕೊಂಬೆ ಕಡಿಯುವಾಗ ಏಣಿಯಿಂದ, ಮರದಿಂದ ಬಿದ್ದು ಕಾರ್ಮಿಕರು ಗಾಯಗೊಳ್ಳುವುದುಂಟು. ಕೆಲಸದ ವೇಳೆ ಸಂಭವಿಸಿದ ಅವಘಡಕ್ಕೆ ಉದ್ಯೋಗದಾತನಿಂದ ಪರಿಹಾರ ಪಡೆಯುವ ಪ್ರತ್ಯೇಕ ಕಾನೂನು ಮಾರ್ಗವಿದೆ. ಕಾಡಾನೆ ದಾಳಿಯಲ್ಲಿ ಸಾವು ಅಥವಾ ಗಾಯ ಸಂಭವಿಸಿದರೆ ಅರಣ್ಯ ಇಲಾಖೆಯ ಪರಿಹಾರವಿದೆ. ವಾಹನ ಪತ್ತೆಯಾಗದ ಅಪಘಾತದಲ್ಲಿ 161ನೇ ಕಲಮಿನ ಪರಿಹಾರಕ್ಕೆ ಕಂದಾಯ ಇಲಾಖೆಯ ಅಧಿಕಾರಿಗಳ ಮೂಲಕ ಅರ್ಜಿ ಸಲ್ಲಿಸಬಹುದು. ಸಕಲೇಶಪುರದಲ್ಲಿ ಉಪವಿಭಾಗಾಧಿಕಾರಿಯ ಕಚೇರಿಯಿದೆ. ಈ ಮಾರ್ಗಗಳು ತಿಳಿಯದಿದ್ದಾಗ ಅಥವಾ ಅವು ನಿಧಾನವೆನಿಸಿದಾಗ ಮಧ್ಯವರ್ತಿಯ ಮಾತು ಸುಲಭವಾಗಿ ನಾಟುತ್ತದೆ.

ಸಂಶಯಕ್ಕೆ ಆಸ್ಪದ ನೀಡುವ ಲಕ್ಷಣಗಳು

ಯಾವುದೇ ಒಂದು ಲಕ್ಷಣ ವಂಚನೆಗೆ ಪುರಾವೆಯಾಗದು. ಸ್ಥಳದ ಪರಿಸ್ಥಿತಿಯಿಂದ ವಿವರಿಸಲಾಗದ ಹಲವು ಲಕ್ಷಣಗಳು ಒಟ್ಟಾಗಿ ಕಂಡಾಗ ಮಾತ್ರ ಅವು ಮಹತ್ವ ಪಡೆಯುತ್ತವೆ.

• ಆಸ್ಪತ್ರೆಯ ಮೊದಲ ದಾಖಲೆಯಲ್ಲಿ ಬರೆದ ಗಾಯದ ಕಾರಣಕ್ಕೂ ನಂತರದ ದೂರಿನಲ್ಲಿನ ಕಾರಣಕ್ಕೂ ವ್ಯತ್ಯಾಸವಿರುವುದು. ಮೊದಲು ಬಿದ್ದು ಗಾಯ ಎಂದಿದ್ದು, ವಾರಗಳ ನಂತರ ಕಾರು ಡಿಕ್ಕಿ ಎಂದಾಗುವುದು ಇದಕ್ಕೆ ಉದಾಹರಣೆ.
• ಮೊದಲ ದೂರಿನಲ್ಲಿ ಅಪರಿಚಿತ ವಾಹನ ಎಂದಿದ್ದು, ನಂತರದ ಹೇಳಿಕೆಯಲ್ಲಿ ನೋಂದಣಿ ಸಂಖ್ಯೆ ಯಾವುದೇ ವಿವರಣೆಯಿಲ್ಲದೆ ಸೇರಿಕೊಳ್ಳುವುದು.
• ವಾಹನಕ್ಕಾದ ಜಖಂನ ಎತ್ತರ, ದಿಕ್ಕು ಮತ್ತು ಬಣ್ಣದ ಗುರುತುಗಳು ಹೇಳಲಾದ ಡಿಕ್ಕಿಗೆ ಹೊಂದದಿರುವುದು; ವಾಹನದಲ್ಲಿ ಜಖಂ ಇಲ್ಲದಿದ್ದರೂ ಗಾಯ ತೀವ್ರವಾಗಿರುವುದು.
• ಒಂದೇ ವಾಹನ, ಚಾಲಕ ಅಥವಾ ಸಾಕ್ಷಿಯ ಹೆಸರು ಸಂಬಂಧವಿಲ್ಲದ ಹಲವು ಪ್ರಕರಣಗಳಲ್ಲಿ ಮರುಕಳಿಸುವುದು.
• ವಾಹನದ ಮಾಲೀಕನು ತಪ್ಪನ್ನು ಸುಲಭವಾಗಿ ಒಪ್ಪಿಕೊಂಡು, ನ್ಯಾಯಮಂಡಳಿಯ ಮುಂದೆ ಅರ್ಜಿಯನ್ನು ಎದುರಿಸದಿರುವುದು.
• ಅಪಘಾತಕ್ಕೆ ಸ್ವಲ್ಪವೇ ಮೊದಲು ದೊಡ್ಡ ಮೊತ್ತದ ವಿಮೆಯನ್ನು, ಅಥವಾ ಹಲವು ಕಂಪನಿಗಳಲ್ಲಿ ವಿಮೆಯನ್ನು ಮಾಡಿಸಿರುವುದು.

ಇವುಗಳಲ್ಲಿ ಹೆಚ್ಚಿನವು ದಾಖಲೆಗಳ ನಡುವಿನ ವಿರೋಧಗಳು. ಮಂಜು, ಮಳೆ ಮತ್ತು ದೂರ ಇವು ವಿಳಂಬವನ್ನು ವಿವರಿಸಬಲ್ಲವು. ಆಸ್ಪತ್ರೆಯ ಮೊದಲ ಹಾಳೆಯಲ್ಲಿನ ಮಾತು ಬದಲಾದುದನ್ನು ವಿವರಿಸಲಾರವು. ವೈದ್ಯರು ಗಾಯಾಳುವಿನಿಂದ ಅಥವಾ ಕರೆತಂದವರಿಂದ ಕೇಳಿ ಬರೆದುಕೊಳ್ಳುವ ಮೊದಲ ಟಿಪ್ಪಣಿಯು ಈ ಕಾರಣದಿಂದಲೇ ಅತ್ಯಂತ ಮೌಲ್ಯಯುತ ಸಾಕ್ಷ್ಯವಾಗುತ್ತದೆ. ಅದನ್ನು ಅವಸರದಲ್ಲಿ ತಪ್ಪಾಗಿ ಬರೆದರೆ ನೈಜ ಸಂತ್ರಸ್ತನೂ ತೊಂದರೆಗೆ ಸಿಲುಕುತ್ತಾನೆ.

ಅಪಘಾತದ ನಂತರ ಅನುಸರಿಸುವ ಕ್ರಮಗಳು

ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನಂತೆ ಗಾಯಾಳುವಿಗೆ ವೈದ್ಯಕೀಯ ನೆರವು ಒದಗಿಸುವುದು ಚಾಲಕನ ಕರ್ತವ್ಯ. ಜನರ ಆಕ್ರೋಶದಂತಹ ತನ್ನ ನಿಯಂತ್ರಣ ಮೀರಿದ ಕಾರಣಗಳಿಗೆ ಮಾತ್ರ ಇದರಿಂದ ವಿನಾಯಿತಿಯಿದೆ. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಆದಷ್ಟು ಬೇಗ, ಗರಿಷ್ಠ 24 ಗಂಟೆಗಳೊಳಗೆ ಹತ್ತಿರದ ಠಾಣೆಗೆ ವರದಿ ಮಾಡಬೇಕು ಹಾಗೂ ವಿಮಾ ಕಂಪನಿಗೂ ಲಿಖಿತ ಮಾಹಿತಿ ನೀಡಬೇಕು. ಡಿಕ್ಕಿ ಯೋಜಿತವೆಂಬ ಸಂಶಯವಿದ್ದರೂ ಈ ಕರ್ತವ್ಯದಿಂದ ಬಿಡುಗಡೆಯಿಲ್ಲ. ಸ್ಥಳದಿಂದ ಹೊರಟುಹೋದ ಚಾಲಕನೇ ನಂತರ ಆರೋಪಿಯ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ.

ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108 ಮತ್ತು ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033 ಸಂಖ್ಯೆಗಳಿವೆ. ಈ ಕರೆಗಳ ಸಮಯವು ಅಪಘಾತದ ಸಮಯಕ್ಕೆ ಸ್ವತಂತ್ರ ದಾಖಲೆಯಾಗುತ್ತದೆ. ವಾಹನಗಳನ್ನು ಸರಿಸುವ ಮುನ್ನ ಎರಡೂ ವಾಹನಗಳ ಸ್ಥಾನ, ನೋಂದಣಿ ಫಲಕ, ಜಖಂ, ರಸ್ತೆಯ ಮೇಲ್ಮೈ ಮತ್ತು ಸಮೀಪದ ಕಿಲೋಮೀಟರ್ ಕಲ್ಲಿನ ಚಿತ್ರಗಳನ್ನು ತೆಗೆಯುವುದು, ಎರಡೂ ವಾಹನಗಳಲ್ಲಿದ್ದವರ ಸಂಖ್ಯೆಯನ್ನು ಗುರುತು ಹಾಕಿಕೊಳ್ಳುವುದು ಉಪಯುಕ್ತ. ಡ್ಯಾಶ್‌ಕ್ಯಾಮ್ ದೃಶ್ಯಗಳನ್ನು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರದೊಂದಿಗೆ ಸಾಕ್ಷ್ಯವಾಗಿ ಹಾಜರುಪಡಿಸಬಹುದು. ಹಾಸನದ ಬಳಿಯ ಶಾಂತಿಗ್ರಾಮ ಟೋಲ್‌ನಂತಹ ಕೇಂದ್ರಗಳ ಫಾಸ್ಟ್ಯಾಗ್ ದಾಖಲೆಗಳು ವಾಹನವು ನಿರ್ದಿಷ್ಟ ಸಮಯದಲ್ಲಿ ಎಲ್ಲಿತ್ತು ಎಂಬುದನ್ನು ತಿಳಿಸಬಲ್ಲವು.

ರಸ್ತೆಯಲ್ಲಿಯೇ ಹಣ ಕೊಟ್ಟು ರಾಜಿಯಾಗುವುದು, ಖಾಲಿ ಕಾಗದಕ್ಕೆ ಸಹಿ ಮಾಡುವುದು ಮತ್ತು ತಪ್ಪೊಪ್ಪಿಗೆ ಬರೆದುಕೊಡುವುದು ಅಪಾಯಕಾರಿ. ಠಾಣಾ ವ್ಯಾಪ್ತಿ ತಮ್ಮದಲ್ಲ ಎಂಬ ಕಾರಣಕ್ಕೆ ಪೊಲೀಸರು ಮಾಹಿತಿಯನ್ನು ನಿರಾಕರಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಲು ಅವಕಾಶ ಕಲ್ಪಿಸುತ್ತದೆ. ಘಾಟಿ ಪ್ರದೇಶದ ಅಪಘಾತಗಳಲ್ಲಿ ಈ ಅವಕಾಶಕ್ಕೆ ವಿಶೇಷ ಮಹತ್ವವಿದೆ. ಗಾಯಾಳುವಿಗೆ ನೆರವಾಗುವ ದಾರಿಹೋಕರಿಗೆ 134ಎ ಕಲಮು ಕಾನೂನಿನ ರಕ್ಷಣೆ ನೀಡಿದೆ. ವಂಚನೆಯ ಭಯ ನೆರವಿಗೆ ಅಡ್ಡಿಯಾಗಬೇಕಿಲ್ಲ.

ತನಿಖೆಯ ಕಾಲಮಿತಿ

2022ರ ಏಪ್ರಿಲ್ 1ರಿಂದ ಜಾರಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯು ಅಪಘಾತದ ತನಿಖೆಗೆ ಹಂತಗಳನ್ನು ನಿಗದಿಪಡಿಸಿತು. ತನಿಖಾಧಿಕಾರಿಯು 48 ಗಂಟೆಗಳಲ್ಲಿ ಮೊದಲ ಅಪಘಾತ ವರದಿಯನ್ನು, 50 ದಿನಗಳಲ್ಲಿ ಮಧ್ಯಂತರ ವರದಿಯನ್ನು ಮತ್ತು 90 ದಿನಗಳಲ್ಲಿ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಸಲ್ಲಿಸಬೇಕು. ಸ್ಥಳದ ನಕ್ಷೆ ಮತ್ತು ವಾಹನದ ಯಾಂತ್ರಿಕ ತಪಾಸಣಾ ವರದಿ ಇದರ ಭಾಗ. ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ (2022) ಸರ್ವೋಚ್ಚ ನ್ಯಾಯಾಲಯವು ಈ ನಿಯಮಗಳ ಪಾಲನೆಗೆ ನಿರ್ದೇಶನ ನೀಡಿತು. ಮೊದಲ ಎರಡು ದಿನಗಳಲ್ಲಿ ವಾಹನದ ಗುರುತು ದಾಖಲೆಗೆ ಸೇರಿದರೆ ನಂತರ ಅದನ್ನು ಬದಲಾಯಿಸುವುದು ಕಷ್ಟವಾಗುತ್ತದೆ.

ವಿಮಾ ಕಂಪನಿಗಳಿಗೂ ಕಾಯ್ದೆಯು ಅಸ್ತ್ರವೊಂದನ್ನು ನೀಡಿದೆ. ಅರ್ಜಿದಾರ ಮತ್ತು ವಾಹನ ಮಾಲೀಕರ ನಡುವೆ ಒಳಸಂಚು ಇದೆಯೆಂದು ಕಂಡುಬಂದರೆ, ಅಥವಾ ಮಾಲೀಕನು ಅರ್ಜಿಯನ್ನು ಎದುರಿಸದಿದ್ದರೆ, 170ನೇ ಕಲಮಿನಂತೆ ನ್ಯಾಯಮಂಡಳಿಯ ಅನುಮತಿ ಪಡೆದು ಕಂಪನಿಯು ಎಲ್ಲ ಆಧಾರಗಳ ಮೇಲೂ ಅರ್ಜಿಯನ್ನು ಪ್ರಶ್ನಿಸಬಹುದು.

ಶಿಕ್ಷೆ

ಇಂತಹ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆ, 2023ರ ಹಲವು ಕಲಮುಗಳು ಅನ್ವಯಿಸುತ್ತವೆ. ವಂಚಿಸಿ ಹಣ ಪಡೆಯುವುದಕ್ಕೆ 318(4)ನೇ ಕಲಮಿನಂತೆ 7 ವರ್ಷಗಳವರೆಗೆ, ನ್ಯಾಯಿಕ ನಡವಳಿಯಲ್ಲಿ ಸುಳ್ಳು ಸಾಕ್ಷ್ಯ ನೀಡುವುದಕ್ಕೆ 229ನೇ ಕಲಮಿನಂತೆ 7 ವರ್ಷಗಳವರೆಗೆ, ನ್ಯಾಯಾಲಯದಲ್ಲಿ ಸುಳ್ಳು ಕ್ಲೇಮು ಹೂಡುವುದಕ್ಕೆ 246ನೇ ಕಲಮಿನಂತೆ 2 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ದಾಖಲೆಗಳ ನಕಲಿ ಸೃಷ್ಟಿ ಮತ್ತು ಅಪರಾಧಿಕ ಒಳಸಂಚು ಪ್ರತ್ಯೇಕ ಅಪರಾಧಗಳು. ಚಾಲಕನಾಗಿ ಹೆಸರು ಕೊಟ್ಟವನು ಮತ್ತು ಸಾಕ್ಷಿಯಾಗಿ ಸಹಿ ಮಾಡಿದವನು ಕೂಡ ಇವುಗಳ ವ್ಯಾಪ್ತಿಗೆ ಬರುತ್ತಾರೆ.

ಪರಿಣಾಮಗಳು

ವಂಚನೆಯ ಹೊರೆಯನ್ನು ಪ್ರೀಮಿಯಂ ಕಟ್ಟುವ ಎಲ್ಲರೂ ಹೊರುತ್ತಾರೆ ಎಂಬುದು ಸಾಮಾನ್ಯ ವಾದ. ಅದಕ್ಕಿಂತ ನೇರವಾದ ಪರಿಣಾಮವು ನೈಜ ಸಂತ್ರಸ್ತರ ಮೇಲಾಗುತ್ತದೆ. ಸುಳ್ಳು ಅರ್ಜಿಗಳು ಹೆಚ್ಚಿದಂತೆ ಪ್ರತಿ ಅರ್ಜಿಯೂ ಸಂಶಯದ ಕಣ್ಣಿಗೆ ಗುರಿಯಾಗುತ್ತದೆ, ವಿಚಾರಣೆ ದೀರ್ಘವಾಗುತ್ತದೆ. ಸಾಕ್ಷಿಯಿಲ್ಲದ ತೋಟದ ರಸ್ತೆಯಲ್ಲಿ ದುಡಿಯುವ ಕೈಯನ್ನು ಕಳೆದುಕೊಂಡ ಕುಟುಂಬಕ್ಕೆ ತನ್ನ ಸತ್ಯವನ್ನು ಸಾಬೀತುಪಡಿಸುವುದು ಇನ್ನಷ್ಟು ಕಷ್ಟವಾಗುತ್ತದೆ. ಆದುದರಿಂದ ಮೊದಲ ಗಂಟೆಗಳ ನಿಖರ ದಾಖಲೆಯು ವಂಚಕನನ್ನು ಹಿಡಿಯುವ ಸಾಧನವಾಗಿರುವಂತೆಯೇ, ಸಂತ್ರಸ್ತನ ಮಾತಿಗೆ ಬಲ ನೀಡುವ ಸಾಧನವೂ ಆಗಿದೆ. ಗುಡ್ಡಗಾಡು ಪ್ರದೇಶಗಳಲ್ಲಿ ಅದರ ಅಗತ್ಯ ಬಯಲುಸೀಮೆಗಿಂತ ಹೆಚ್ಚು.